ಹಗ್ಗ ಮತ್ತೆ ಕೈಗೆ ಕೊಟ್ಟವರಿಗೆ

ಹಗ್ಗದ ಕುಣಿಕೆ ಬೀಸಿ ಆಟ ತೋರಿಸುವ ನನ್ನ ಭುಜಕ್ಕೆ ಶಸ್ತ್ರಚಿಕಿತ್ಸೆಯಾದದ್ದು ನಿಮಗೆಲ್ಲ ಗೊತ್ತೇ ಇದೆ. ಶನಿವಾರ ಅಮೆರಿಕದ ಒಕ್ಲಹೋಮದ ಅಖಾಡದಲ್ಲಿ, ಸುತ್ತುವ ಕುಣಿಕೆಯೊಳಗಿಂದ ಹಾರುವ ಟೆಕ್ಸಸ್ ಸ್ಕಿಪ್ ಮತ್ತೆ ಕೈಗೂಡಿತು. ಊಟ ತಂದುಕೊಟ್ಟವರು, ಕಾರಿನಲ್ಲಿ ಓಡಾಡಿಸಿದವರು, ಹೊತ್ತಲ್ಲದ ಹೊತ್ತಲ್ಲಿ ಮೈಸೂರಿನಿಂದ ಫೋನ್ ಮಾಡಿದವರು, ಎಲ್ಲರಿಗೂ ಮನಸಾರೆ ವಂದನೆ.

ಉಳಿದದ್ದೆಲ್ಲ ನನ್ನ ಗುರುಗಳಿಗೆ. ಹೆಸರು ಹಾಕಬೇಡ ಎಂದಿದ್ದಾರೆ. ಶಸ್ತ್ರಚಿಕಿತ್ಸೆಯಾದ ರಾತ್ರಿ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನೋವು ಏರಿದಾಗಲೆಲ್ಲ ಹಗ್ಗದಾಟದ ಹೆಸರಾಂತ ಕಲಾವಿದ ವಿಲ್ ರೋಜರ್ಸ್ ಕಥೆ ಹೇಳುತ್ತಿದ್ದರು. 1879ರಲ್ಲಿ ಈಗಿನ ಒಕ್ಲಹೋಮದ ಊಲಗಾ ಹತ್ತಿರ ಹುಟ್ಟಿದ, ಅಮೆರಿಕದ ಮೂಲನಿವಾಸಿ ಚೆರೋಕಿ ಬುಡಕಟ್ಟಿನ ಹುಡುಗ, ಅಪ್ಪನ ರಾಂಚ್‌ನಲ್ಲಿ, ಅಂದರೆ ದನ ಸಾಕುವ ದೊಡ್ಡ ಹೊಲದಲ್ಲಿ, ಡಾನ್ ವಾಕರ್ ಎಂಬ ಕಪ್ಪು ಕೌಬಾಯ್‌ನಿಂದ ಹಗ್ಗ ಬೀಸುವುದನ್ನು ಕಲಿತ. 1902ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟೆಕ್ಸಸ್ ಜಾಕ್‌ನ ಸರ್ಕಸ್ ಸೇರಿ 'ಚೆರೋಕಿ ಕಿಡ್' ಆದ. ಮುಂದೆ ಒಟ್ಟಿಗೇ ಮೂರು ಹಗ್ಗ ಬೀಸಿ ಕುದುರೆಯ ಕುತ್ತಿಗೆ, ಸವಾರನ ಮೈ, ಕುದುರೆಯ ನಾಲ್ಕೂ ಕಾಲು, ಮೂರನ್ನೂ ಹಿಡಿಯುತ್ತಿದ್ದ. ಅವನು ಸತ್ತ 1935ರ ಅಲಾಸ್ಕದ ವಿಮಾನಾಪಘಾತಕ್ಕೆ ಕಥೆ ಬರುವಷ್ಟರಲ್ಲಿ ಬೆಳಗಾಗಿತ್ತು. ಇನ್ನು ಈ ಕೈ ಏಳುವುದಿಲ್ಲ ಎಂದು ನಡುವೆ ಬಿಕ್ಕಿಬಿಕ್ಕಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಅಳಲು ಬಿಟ್ಟರು. ಆ ಉಪಕಾರವನ್ನು ಹೇಗೆ ತೀರಿಸಲಿ?

ಆಮೇಲೆ ಅಆಇಈಯಿಂದ ಶುರುಮಾಡಿಸಿದರು. ಸುಮಾರು ಹನ್ನೆರಡು ಅಡಿ ಹೆಣೆದ ಹತ್ತಿಹಗ್ಗ, ತುದಿಗೆ ಹೊಂಡಾ, ಅಂದರೆ ಹಗ್ಗ ಜಾರಿ ಕುಣಿಕೆಯಾಗುವ ಲೋಹದ ಕಣ್ಣು. ಕುಣಿಕೆಯನ್ನು ನೆಲಕ್ಕೆ ಸಮವಾಗಿ ತಿರುಗಿಸುವ ಫ್ಲಾಟ್ ಲೂಪ್ ಮಾತ್ರ, ಬೇರೇನೂ ಇಲ್ಲ. ಅದರ ಪ್ರತಿ ಸುತ್ತೂ ಕೈಯಲ್ಲಿರುವ ಹಗ್ಗಕ್ಕೆ ಒಂದು ತಿರುಚು ಹಾಕುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಹಗ್ಗ ಉರುಳಲು ಬಿಡಬೇಕು. ಬಿಗಿಯಾಗಿ ಹಿಡಿದರೆ ತಿರುಚು ಸೇರುತ್ತಾ ಹೋಗಿ, ಗಂಟುಗಟ್ಟಿ, ಕುಣಿಕೆ ಕುಸಿಯುತ್ತದೆ. ನೋವಿರುವ ಕೈ ತಾನಾಗಿ ಬಿಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಹಾಗಾಗಿ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಮಳೆಗಾಳಿಯ ದಿನ ಹತ್ತಿ ತೇವ ಹೀರಿ ಭಾರವಾಗುತ್ತದೆ, ಹೊಂಡಾದಲ್ಲಿ ಸಲೀಸಾಗಿ ಜಾರುವುದಿಲ್ಲ. ಅಂಥ ದಿನ ಅಭ್ಯಾಸವೇ ಬೇಡ ಎನ್ನುತ್ತಿದ್ದರು.

ಟೆಕ್ಸಸ್ ಸ್ಕಿಪ್‌ಗೆ ಇಪ್ಪತ್ತು ಅಡಿಯ ಹತ್ತಿರ ಹಗ್ಗ ಬೇಕು. ಕುಣಿಕೆ ಮೈ ಪಕ್ಕದಲ್ಲಿ ನೆಟ್ಟಗೆ ಸುತ್ತುತ್ತಿರುತ್ತದೆ. ಅದನ್ನು ಮೈಗೆ ಅಡ್ಡಲಾಗಿ ಎಳೆದು, ಅದರೊಳಗಿಂದ ಹಾರಿ, ಮತ್ತೆ ವಾಪಸ್ ಎಳೆಯಬೇಕು. ಇಡೀ ಎಳೆತ ಬೀಳುವುದು ಭುಜದ ಮೇಲೆ. ಅದಕ್ಕೇ ಅವರು ಕೊನೆಯವರೆಗೂ ಇದನ್ನು ಮುಟ್ಟಲು ಬಿಡಲಿಲ್ಲ. ಆಗ ಕೋಪ ಬರುತ್ತಿತ್ತು. ಈಗ ಕಣ್ಣು ತುಂಬುತ್ತದೆ.

ಗುರುಗಳಿಗೆ ಕನ್ನಡ ಬಾರದು. ನಾಳೆ ಇದನ್ನೆಲ್ಲ ಅವರ ಮುಂದೆ ಕೂತು ಓದಿ, ಅರ್ಥ ಹೇಳುತ್ತೇನೆ.