ಮುಚ್ಚಳದೊಳಗಿನ ತಾರೀಕು

ಕಾರವಾರ
ಭಾನುವಾರ ರಾತ್ರಿ

ಕೂಸೇ,

ಫೋನ್ ಮಾಡಿದರೆ ಎರಡು ಸಲ "ಹ್ಞೂಂ" ಅಂದು "ಆಯಿಗೆ ಕೊಡು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಅವತ್ತು ಆದದ್ದನ್ನೆಲ್ಲ ಮತ್ತೆ ಹೇಳುವುದಿಲ್ಲ. ಭಾನುವಾರ ಹೊರಡಬೇಕಿದ್ದವಳು ಶುಕ್ರವಾರದ ಪಂಚಗಂಗಾ ರೈಲು ಹತ್ತಿದೆ. ಅಷ್ಟು ಸಾಕು.

ನೀನು ಸರ್ವಿಸ್ ಮಾಡಿದ ಮೇಲೆ ವಾಪಸು ಬಂದ ಸಾಹೇಬರ ಸೀಕೋ ವಾಚನ್ನು ನಿನ್ನೆ ಬಿಚ್ಚಿದೆ. ಒಂದು ವಾರ ಡ್ರಾಯರಿನಲ್ಲೇ ಇತ್ತು, ಮುಟ್ಟಲು ಮನಸ್ಸಾಗಿರಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಿ ತೆಗೆದು, ಐಗ್ಲಾಸ್ ಹಚ್ಚಿ ನೋಡಿದೆ. ಒಳಗೆ ಅಂಚಿನಲ್ಲಿ ಸೂಜಿಯಿಂದ ಕೆರೆದ ಸಣ್ಣ ಗೀಟುಗಳು: 11-6-98. ಪಕ್ಕದಲ್ಲಿ ಬಾಲ ಸೊಟ್ಟಗಾದ ಒಂದು 'ಗ'. ನನ್ನದೇ ಗುರುತು.

ಆ ರಾತ್ರಿ ಜೋರು ಮಳೆ. ಕರೆಂಟ್ ಇಲ್ಲ. ಸಾಹೇಬರು ನೆಂದುಕೊಂಡೇ ಸ್ಟೂಲ್ ಮೇಲೆ ಕೂತಿದ್ದರು. ಬೆಳಗಿನ ರೈಲಿಗೆ ಮುಂಬೈ, ಅಲ್ಲಿಂದ ಕುವೈತ್. ಕೊಂಕಣ ರೈಲು ಆ ಜನವರಿಯಲ್ಲಷ್ಟೇ ಪೂರ್ತಿ ಶುರುವಾಗಿತ್ತು. ಇನ್ನು ಬಸ್ಸಿನಲ್ಲಿ ಸೊಂಟ ಮುರಿಸಿಕೊಳ್ಳುವುದು ತಪ್ಪಿತು ಅಂತ ಅವರಿಗೆ ಖುಷಿ. ನನಗೆ ಅಂಗಡಿ ಮುಚ್ಚುವ ಅವಸರ. ಉದ್ದ ಸೆಕೆಂಡ್ ಮುಳ್ಳು ಸಡಿಲವಾಗಿತ್ತು. ಅದರ ಬುಡದ ಕೊಳವೆಯನ್ನು ಸಣ್ಣ ಹಿಡಿಕೆಯಂಥ ಪಿನ್ ವೈಸ್‌ನಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಸುತ್ತಲೂ ಸಮನಾಗಿ ಬಿಗಿ ಮಾಡಬೇಕು. ಅರ್ಧ ಗಂಟೆಯ ಕೆಲಸ. ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಚಿಮಟದಲ್ಲಿ ಒಂದು ಸಲ ಅದುಮಿದೆ. ದುಂಡಗಿದ್ದದ್ದು ಒಂದು ಕಡೆ ಚಪ್ಪಟೆಯಾಯಿತು. ಒತ್ತಿ ಕೂರಿಸಿದೆ, ನಿಂತಿತು. ಮುಚ್ಚಳದಲ್ಲಿ ತಾರೀಕು ಕೆರೆದೆ. ಅಂಥ ಕೆಲಸಕ್ಕೂ ಗುರುತು ಹಾಕಿಕೊಂಡಿದ್ದೇನೆ ನೋಡು!

27 ವರ್ಷ ಹೇಗೆ ನಿಂತಿತು ಅಂದರೆ, ಸಾಹೇಬರು ಮುಳ್ಳನ್ನು 12ಕ್ಕೆ ಮರಳಿಸುವ ರೀಸೆಟ್ ಬಟನ್ ಒತ್ತುತ್ತಲೇ ಇರಲಿಲ್ಲ. ಸೀಕೋದ ಈ 6139 ಮಾದರಿಯಲ್ಲಿ ಬೇರೆ ಸೆಕೆಂಡ್ ಮುಳ್ಳೇ ಇಲ್ಲವಲ್ಲ, ಗಲ್ಫಿನಿಂದ ತಂದ ಎಷ್ಟೋ ಜನ ಕ್ರೋನೋ ಮುಳ್ಳನ್ನೇ, ಅಂದರೆ ಸ್ಟಾಪ್ ವಾಚಿನ ಮುಳ್ಳನ್ನೇ, ಸದಾ ಓಡಿಸುತ್ತಿದ್ದರು. ಈಗ ನೀನು ಸರ್ವಿಸ್ ಮಾಡಿ ಕೊಟ್ಟೆ, ಬಟನ್‌ಗಳು ಬೆಣ್ಣೆಯ ಹಾಗೆ ಒಳಗೆ ಹೋಗತೊಡಗಿದವು. ಮೊಮ್ಮಗನಿಗೆ ಆಟ ಸಿಕ್ಕಿತು. ಅವನು ಒತ್ತಿದಾಗೆಲ್ಲ ಒಳಗಿನ ಹ್ಯಾಮರ್ ಬಂದು ಹೃದಯದ ಆಕಾರದ ತುಂಡಾದ ಹಾರ್ಟ್‌ಗೆ ಹೊಡೆಯುತ್ತದೆ, ಮುಳ್ಳು ರಪ್ಪನೆ ಹಿಂದಕ್ಕೆ ಹಾರುತ್ತದೆ. ಹಾರ್ಟ್ ಯಾವತ್ತೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅದರ ಕಂಬದ ಮೇಲೆ ಸಡಿಲವಾಗಿ ಕೂತ ಮುಳ್ಳು ಮಾತ್ರ ಪ್ರತಿ ಏಟಿಗೆ ಚೂರು ಚೂರು ಜಾರುತ್ತದೆ. ಹಾಗೆ ಜಾರಿ ಜಾರಿ 12ರ ಗೀಟು ಬಿಟ್ಟು ಎರಡು ಸೆಕೆಂಡ್ ಆಚೆ ನಿಂತಿದೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ನನಗೇ ನಾನು ಹೇಳಿಕೊಳ್ಳುತ್ತಿದ್ದೇನೆ ಅಂದುಕೋ.

ನೀನು ಮುಚ್ಚಳ ತೊಳೆದವಳು. ಆ ತಾರೀಕು ನೋಡಿರಲೇಬೇಕು. ಅಷ್ಟೇ ಅಲ್ಲ, ಸರ್ವಿಸ್ ಮಾಡುವಾಗ "ಅಪ್ಪಾ, ಈ ಕೊಳವೆ ಒಂದು ಕಡೆ ಚಪ್ಪಟೆ ಇದೆ" ಅಂತ ಕೇಳಿಯೂ ಇದ್ದೆ. ನಾನು ಯಾರದ್ದೋ ವಾಚಿಗೆ ಸೆಲ್ ಹಾಕುತ್ತಿದ್ದೆ. ತಲೆ ಎತ್ತದೆ "ಹಾಗೇ ಒತ್ತಿ ಕೂರಿಸು" ಅಂದೆ. ಆಮೇಲೆ ಸಾಹೇಬರ ಎದುರು "ಹುಡುಗಿಯ ಕೈಗೆ ಕೊಟ್ಟದ್ದೇ ತಪ್ಪಾಯ್ತು" ಅಂದವನೂ ನಾನೇ. ನೀನು ಚಿಮಟ ಒರೆಸಿ ಇಟ್ಟು ಒಳಗೆ ಹೋದೆ.

ಯಾಕೆ ಸುಮ್ಮನಿದ್ದೆ? ಬೈಯುವುದಕ್ಕೆ ಕೇಳುತ್ತಿಲ್ಲ. ಅಪ್ಪನ ಮರ್ಯಾದೆ ಉಳಿಸಿದೆ, ಸರಿ. ಆದರೆ ನಾಳೆ ಆ ಸರ್ವಿಸ್ ಸೆಂಟರಿನಲ್ಲಿ ಹತ್ತು ಜನರ ನಡುವೆ ಕೂರುವವಳು. ಯಾರೋ ಹಾಳು ಮಾಡಿದ ಮಷಿನ್ ನಿನ್ನ ಟೇಬಲ್ಲಿಗೆ ಬರುತ್ತದೆ. ಬಿಚ್ಚುವ ಮೊದಲೇ ಫೋಟೋ ತೆಗೆದಿಡು. ಏನಾಗಿದೆ ಅಂತ ಬರೆದಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ಹಸಿದ ಕೈ ನಡುಗುತ್ತದೆ. ರಾತ್ರಿ ಫೋನ್ ನೋಡಿ ಕಣ್ಣು ಹಾಳು ಮಾಡಿಕೊಳ್ಳಬೇಡ. ಮೇಲಿನವರು ಅವಸರ ಮಾಡಿದರೆ "ಆಗುವುದಿಲ್ಲ ಸಾರ್" ಅನ್ನು. ನೋಡು, ಭಾಷಣ ಶುರುವಾಯ್ತು. ಆಯಿ ಹೇಳುವುದು ಸುಳ್ಳಲ್ಲ.

ಮತ್ತೆ ಆ ರಾತ್ರಿಯೇ ನೆನಪಾಗುತ್ತದೆ. ಅರ್ಧ ಗಂಟೆ ಕೂತಿದ್ದರೆ ಆಗುತ್ತಿತ್ತು. ರೈಲಿದ್ದದ್ದು ಬೆಳಿಗ್ಗೆ. ನನಗೆ ಅಂಥ ಯಾವ ರಾಜಕಾರ್ಯವಿತ್ತು?

ನಿನ್ನೆ ಆ ಅರ್ಧ ಗಂಟೆ ಕೂತೆ. ನಿಜ ಹೇಳಬೇಕೆಂದರೆ ಎರಡೂವರೆ ಗಂಟೆ ಹಿಡಿಯಿತು. ಡಯಲ್ ಮೇಲೆ ಹಾಲಿನ ಪ್ಯಾಕೆಟ್ಟಿನ ತುಂಡು ಇಟ್ಟು, ಎರಡೂ ಕಡೆಯಿಂದ ಲಿವರ್ ಕೊಟ್ಟು ಮುಳ್ಳು ಎತ್ತಿದೆ. ಹಳದಿ ಡಯಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಕೊಳವೆಯನ್ನು ದುಂಡಗೆ ಮಾಡಿದೆ. ರೀಸೆಟ್ ಒತ್ತಿ ಹಿಡಿದುಕೊಂಡೇ ಮುಳ್ಳನ್ನು 12ಕ್ಕೆ ಸರಿಯಾಗಿ ಕೂರಿಸಿದೆ. ಆಮೇಲೆ ನಲವತ್ತು ಸಲ ಓಡಿಸಿ, ನಿಲ್ಲಿಸಿ, ರೀಸೆಟ್ ಒತ್ತಿದೆ. ನಲವತ್ತು ಸಲವೂ ಗೀಟಿನ ಮೇಲೇ. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಕಟ್ಟಿಕೊಂಡು ಹೋದದ್ದು ಇದೇ ಮಾದರಿ ಅಂತ ನೀನು ಹೇಳಿದಾಗ "ನಮಗೆ ಅದರಿಂದ ಏನಾಗಬೇಕು" ಅಂದಿದ್ದೆ. ನಿನ್ನೆ ಕೈಯಲ್ಲಿ ಹಿಡಿದಾಗ ಅದೇ ನೆನಪಾಯಿತು.

ಇವತ್ತು ಸಾಹೇಬರನ್ನು ಕರೆಸಲಿಲ್ಲ. 2024ರಲ್ಲಿ ಹಳೇ ಸೇತುವೆ ಕಾಳಿ ನದಿಗೆ ಬಿದ್ದ ಮೇಲೆ ಅವರಿಗೆ ಹೊಸ ಸೇತುವೆ ದಾಟುವುದೂ ಭಯ. ಅಂಥವರನ್ನು ಎರಡು ಸಲ ಓಡಾಡಿಸಿದ್ದೇನೆ. ನಾನೇ ಸದಾಶಿವಗಡಕ್ಕೆ ಹೋಗಿ ಕೊಟ್ಟೆ. ಮುಚ್ಚಳ ಬಿಚ್ಚಿ ತಾರೀಕು ತೋರಿಸಿ, ತಪ್ಪು ನನ್ನದು, ಮಗಳದ್ದಲ್ಲ ಅಂದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಹುಡುಗಿಗೆ ಹೇಳಿದಿರಾ?" ಅಂತ ಕೇಳಿದರು. ಇಲ್ಲ ಅಂದೆ. ಚಹಾ ಕೊಟ್ಟರು, ಕುಡಿದು ಬಂದೆ.

ಈಗ ಹೇಳಿದ್ದೇನೆ. ತಪ್ಪಾಯ್ತು ಕೂಸೇ. ನಿನ್ನ ಕೆಲಸ ನನ್ನದಕ್ಕಿಂತ ಚೊಕ್ಕ. ಇದನ್ನು ಅಂಗಡಿಯಲ್ಲಿ, ನಾಲ್ಕು ಜನರ ಎದುರು ಹೇಳಬೇಕಿತ್ತು.

ನಿನ್ನ ಐದನೇ ನಂಬರಿನ ಚಿಮಟ ಇಲ್ಲೇ ಬಿಟ್ಟು ಹೋಗಿದ್ದೀಯ. ನನ್ನದರ ತುದಿ ಕೂಡುತ್ತಿರಲಿಲ್ಲ, ಹಾಗಾಗಿ ನಿನ್ನದರಲ್ಲೇ ಕೆಲಸ ಮಾಡಿದೆ. ಕೇಳದೇ ತೆಗೆದುಕೊಂಡೆ. ಆಯಿ ಮುರುಗಲು, ಹಲಸಿನ ಹಪ್ಪಳ ಕಟ್ಟುತ್ತಿದ್ದಾಳೆ. ಅದರ ಜೊತೆ ನಾಡಿದ್ದು ಕಳಿಸುತ್ತೇನೆ. ತುದಿ ಬಗ್ಗಿಲ್ಲ, ಐಗ್ಲಾಸ್ ಹಾಕಿ ಎರಡು ಸಲ ನೋಡಿದ್ದೇನೆ.

ನಿನ್ನ ಅಪ್ಪ