ಅಪ್ಪ ಅಮ್ಮನ ಮನೆ ಬದಲಾಯಿತು, ನಿಮಗೆಲ್ಲ ನಮಸ್ಕಾರ

ಅಪ್ಪ ಅಮ್ಮ ಮೈಸೂರಿನ ಕೃಷ್ಣಮೂರ್ತಿಪುರಂ ಮನೆ ಬಿಟ್ಟು ಕುವೆಂಪುನಗರದ ಎರಡು ಕೋಣೆ ಫ್ಲ್ಯಾಟಿಗೆ ಬಂದು ಸೇರಿದ್ದಾರೆ, ಚೆನ್ನಾಗಿದ್ದಾರೆ. ಈ ಸುದ್ದಿ ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಮುಟ್ಟಿದೆ ಅಂತ ಗೊತ್ತು. ‘ಮಕ್ಕಳು ಮನೆ ಮಾರಿಸಿಬಿಟ್ಟರಂತೆ’ ಅನ್ನುವುದರಿಂದ ಹಿಡಿದು ‘ವೃದ್ಧಾಶ್ರಮಕ್ಕೆ ಸೇರಿಸಿದರಂತೆ’ ಅನ್ನುವ ತನಕ. ಎರಡೂ ಅಲ್ಲ. ಅಕ್ಕನ ಮನೆ ಹಿಂದಿನ ಬೀದಿಯಲ್ಲಿ, ಲಿಫ್ಟ್ ಇರುವ ಕಟ್ಟಡದಲ್ಲಿ, ತಮ್ಮದೇ ಅಡುಗೆಮನೆ, ತಮ್ಮದೇ ಬೀಗದಕೈ ಇಟ್ಟುಕೊಂಡು ಇದ್ದಾರೆ. ಮನೆ ಖಾಲಿ ಮಾಡುವ ಗಲಾಟೆಯಲ್ಲಿ ಕೈ ಜೋಡಿಸಿದ ಎಷ್ಟೋ ಜನಕ್ಕೆ ಕೂರಿಸಿ ಒಂದು ಲೋಟ ಕಾಫಿ ಕೊಡುವುದಕ್ಕೂ ಆಗಲಿಲ್ಲ. ಆ ಬಾಕಿ ಇಲ್ಲಿ ತೀರಿಸುತ್ತಿದ್ದೇನೆ.

ಹಳೇ ಮನೆ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಂಪು ಗಾರೆ ನೆಲ, ಮದ್ರಾಸ್ ತಾರಸಿ, ಮೊಣಕಾಲೆತ್ತರದ ಹೊಸ್ತಿಲುಗಳು, ಬಚ್ಚಲುಮನೆ ಹಿತ್ತಲಿನಲ್ಲಿ. ಮಳೆಗಾಲದಲ್ಲಿ ಅಪ್ಪ ಆ ಹಿತ್ತಲಿನ ಪಾಚಿಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ವಾಕರಿಗೂ ಆ ಹೊಸ್ತಿಲುಗಳಿಗೂ ಜಗಳ ಶುರುವಾಯಿತು. ಅಮ್ಮನ ಮಂಡಿ ಅಷ್ಟು ಹೊತ್ತಿಗಾಗಲೇ ಕೈಕೊಟ್ಟಿತ್ತು. ಮನೆ ಬದಲಿಸುವ ಮಾತು ಎತ್ತಿದ್ದು ನಾವು ಮಕ್ಕಳು, ನಿಜ. ಆದರೆ ಮನೆ ಬದಲಾಗಿದ್ದು ಅವರಿಬ್ಬರೂ ಹೂಂ ಅಂದ ಮೇಲೆ. ಅವರ ಆ ಹೂಂ ಯಾರೂ ಬಾಯಿಗೆ ತುರುಕಿದ್ದಲ್ಲ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ. ಅದಕ್ಕೆ ಕಾರಣ ಒಬ್ಬರು ವಕೀಲರು.

ಪತ್ರಗಳನ್ನು ತೋರಿಸೋಣ ಅಂತ ಅವರನ್ನು ಮನೆಗೇ ಕರೆಸಿದ್ದೆವು. ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ಮಕ್ಕಳೆಲ್ಲ ಸ್ವಲ್ಪ ಹೊರಗೆ ಕೂತಿರಿ’ ಅಂದರು. ಅಣ್ಣನಿಗೆ ಇರುಸುಮುರುಸಾಯಿತು. ಫೋನಿನಲ್ಲಿ ಚಿಕಾಗೋದಿಂದ ಮಾತಾಡುತ್ತಿದ್ದವನನ್ನೂ ‘ನೀವೂ ಇಟ್ಟುಬಿಡಿ ಸರ್’ ಅಂದರು. ನಾವು ಜಗಲಿಯ ಮೇಲೆ ಪೆಚ್ಚಾಗಿ ಕೂತೆವು. ಒಳಗೆ ಏನು ಮಾತಾಯಿತು ಅಂತ ಅಮ್ಮ ಆಮೇಲೆ ಹೇಳಿದಳು: ‘ನಿಮಗೆ ಹೋಗೋಕೆ ಇಷ್ಟ ಇದೆಯಾ, ಇಲ್ಲ ಮಕ್ಕಳಿಗೋಸ್ಕರ ಒಪ್ಕೊಂಡ್ರಾ ಅಂತ ಕೇಳಿದ್ರು ಕಣೆ. ಇಷ್ಟು ವರ್ಷದಲ್ಲಿ ಯಾರೂ ನನ್ನ ಹೀಗೆ ಕೇಳಿರಲಿಲ್ಲ.’ ಅಮ್ಮ ಕೊಟ್ಟ ಉತ್ತರ ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಹೊರಗೆ ಬಂದ ಮೇಲೆ ಮಾತ್ರ ತನ್ನ ಷರತ್ತುಗಳನ್ನು ಒಂದೊಂದಾಗಿ ಹೇಳಿದಳು. ಅಡುಗೆಮನೆಗೆ ಕಿಟಕಿ ಇರಬೇಕು. ಮಗಳ ಮನೆಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಆದರೆ ಮಗಳ ಮನೆಯೊಳಗೆ ಇರಬಾರದು. ಈ ಎರಡನೆಯದನ್ನು ಕೇಳಿ ಅಕ್ಕ ಅತ್ತಳು, ಆಮೇಲೆ ನಕ್ಕಳು.

ಅದೇ ವಕೀಲರು ನಮ್ಮ ಮುಂದೆಯೇ ಇನ್ನೊಂದು ಮಾತು ಹೇಳಿದರು: ಮನೆ ಮಾರಿದ ದುಡ್ಡು ಇಬ್ಬರ ಹೆಸರಲ್ಲೇ ಇರಲಿ, ಬದುಕಿರುವಾಗ ಮಕ್ಕಳಿಗೆ ಬರೆದುಕೊಡುವ ಅವಸರ ಬೇಡ. ಹಾಗೇನಾದರೂ ಕೊಡುವುದಿದ್ದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತು ದಾನಪತ್ರದಲ್ಲೇ ಬರೆದಿರಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಬಹುದು. ಮಕ್ಕಳ ಎದುರಿಗೇ ಇದನ್ನು ಹೇಳುವುದಕ್ಕೆ ಗುಂಡಿಗೆ ಬೇಕು ಮೇಡಂ. ನಿಮ್ಮ ಫೀಸು ಕೊಟ್ಟಿದ್ದೇವೆ, ನಮಸ್ಕಾರ ಬಾಕಿ ಇತ್ತು.

ಚಿಕ್ಕಪ್ಪನಿಗೂ ಇಲ್ಲೇ ಹೇಳಬೇಕು. ಪಿತ್ರಾರ್ಜಿತ ಮನೆ, ಅರ್ಧ ಪಾಲು ಅವರದು. ಇಂಥ ವಿಷಯದಲ್ಲಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಅವರು ‘ಅಣ್ಣನಿಗೆ ಯಾವಾಗ ಅನುಕೂಲವೋ ಆಗ ಸಹಿ ಹಾಕ್ತೀನಿ’ ಅಂದರು, ಹಾಕಿದರು.

ಇನ್ನು ಸಾಮಾನಿನ ಕಥೆ. ದೊಡ್ಡ ಮನೆ ಸಾಮಾನು ಸಣ್ಣ ಮನೆಗೆ ಹಿಡಿಯುವುದಿಲ್ಲ ಅಂತ ನಾವು ಎಷ್ಟು ಬಾಯಿ ಬಡಿದುಕೊಂಡರೂ ಅಪ್ಪನಿಗೆ ನಂಬಿಕೆ ಬರಲಿಲ್ಲ. ‘ಹಿಡಿಯತ್ತೆ, ಸರಿಯಾಗಿ ಜೋಡಿಸಿದ್ರೆ ಹಿಡಿಯತ್ತೆ.’ ಕೊನೆಗೆ ದಾರಿ ತೋರಿಸಿದ್ದು ಬಡಗಿ ಸಾಹೇಬರು. ಮಂಚ ಬಿಚ್ಚುವುದಕ್ಕೆ ಅಂತ ಬಂದಿದ್ದರು. ಫ್ಲ್ಯಾಟಿನ ಅಳತೆ ಕೇಳಿದರು. ಹಾಲ್ ಹನ್ನೆರಡು ಅಡಿಗೆ ಹದಿನಾಲ್ಕು. ‘ಅಮ್ಮಾ, ಸ್ವಲ್ಪ ರಂಗೋಲಿ ಪುಡಿ ಕೊಡಿ’ ಅಂದರು. ಟೇಪು ಹಿಡಿದು ಹಳೇ ನಡುಮನೆಯ ಕೆಂಪು ನೆಲದ ಮೇಲೆ ಹೊಸ ಹಾಲನ್ನು ಬರೆದರು, ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಅಂತ ಗುರುತು ಹಾಕಿ. ಗೆರೆ ಸೊಟ್ಟಗಾಯಿತು ಅಂತ ಅಮ್ಮ ತಾನೇ ಕುರ್ಚಿಯ ಮೇಲೆ ಬಗ್ಗಿ ಕೂತು ನೆಟ್ಟಗೆ ಮಾಡಿದಳು. ಆಮೇಲೆ ಅಪ್ಪ ವಾಕರ್ ಹಿಡಿದು ಆ ಗೆರೆಯೊಳಗೆ ನಿಂತರು. ‘ದಿವಾನ್ ತನ್ನಿ’ ಅಂದರು, ತಂದೆವು. ಸೋಫಾ ತಂದೆವು. ಗೋದ್ರೆಜ್ ಬೀರು ತಳ್ಳಿಕೊಂಡು ಬಂದೆವು. ವಾಕರ್ ತಿರುಗಿಸುವುದಕ್ಕೆ ಜಾಗ ಉಳಿಯಲಿಲ್ಲ. ಅಪ್ಪ ಸುಮ್ಮನೆ ಒಂದು ಸುತ್ತು ನೋಡಿದರು. ‘ದಿವಾನ್ ತೆಗೀರಿ. ಸೋಫಾನೂ ಬೇಡ. ಆ ಬೆತ್ತದ ಕುರ್ಚಿ ಎರಡು ಸಾಕು.’ ನಾವು ಎಷ್ಟೋ ವಾರದಿಂದ ವಾದ ಮಾಡುತ್ತಿದ್ದ ವಿಷಯ ಒಂದು ಬೆಳಿಗ್ಗೆ ಮುಗಿಯಿತು. ವಯಸ್ಸಾದವರ ಮನೆ ಬದಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಪಾಕೀಟು ರಂಗೋಲಿ ಪುಡಿ ತಂದಿಟ್ಟುಕೊಳ್ಳಿ.

ಬಚ್ಚಲಿನ ತಾಮ್ರದ ಹಂಡೆ, ಕಡಾಯಿಗಳು, ತವರದ ಡಬ್ಬಗಳು ಗುಜರಿಯವರ ಪಾಲಾದವು. ನಾನು ಆ ಹುಡುಗನನ್ನು ಪಕ್ಕಕ್ಕೆ ಕರೆದು, ತಕ್ಕಡಿ ಹೊರಗಿಟ್ಟುಕೋ, ಅಮ್ಮನ ಕಣ್ಣಿಗೆ ಬೀಳುವುದು ಬೇಡ ಅಂದೆ. ಅವನು ಒಪ್ಪಲಿಲ್ಲ. ‘ಇಲ್ಲಕ್ಕ, ಅಮ್ಮಾವ್ರೇ ತೂಕ ನೋಡ್ಲಿ. ಇಲ್ದಿದ್ರೆ ಎಷ್ಟಕ್ಕೆ ಹೋಯ್ತೋ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ತಾರೆ’ ಅಂದ. ಅಮ್ಮ ನೋಡಿದಳು. ನೋಡಿದ್ದು ಮಾತ್ರವಲ್ಲ, ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಮಾಡಿಸಿದಳು. ಅವತ್ತು ಅವಳ ಮುಖದಲ್ಲಿ ಬಂದ ಕಳೆ ಆ ಇಡೀ ತಿಂಗಳಲ್ಲಿ ಬಂದಿರಲಿಲ್ಲ.

ಅಟ್ಟದ ಮೇಲಿನ ಕಾಗದಪತ್ರಕ್ಕೆ ಅಕ್ಕನ ಮಗ ಕೂತ. ಅಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಕಂದು ಕಾಗದ ಅಂಟಿಸಿ ಪುಸ್ತಕ ಮಾಡಿಟ್ಟವಳು. ಸುಧಾ ಶುರುವಾಗಿದ್ದು 1965ರಲ್ಲಿ, ಅವಳ ಸಂಗ್ರಹ ಅದಕ್ಕಿಂತ ಬಹಳ ಚಿಕ್ಕದೇನಲ್ಲ. ಅದರಲ್ಲಿ ಒಂದು ಹಾಳೆಯನ್ನೂ ಕೊಡುವುದಿಲ್ಲ ಅಂದಳು, ಬೀರುವಿನ ಜಾಗ ಅದಕ್ಕೇ ಹೋಯಿತು. ಸರಿ. ಫೋಟೋಗಳನ್ನು ಹುಡುಗ ಅಪ್ಪನ ಮುಂದೆ ಒಂದೊಂದಾಗಿ ಹಿಡಿದು, ಅವರು ಹೇಳಿದ ಹೆಸರನ್ನು ಹಿಂದೆ ಪೆನ್ಸಿಲಿನಲ್ಲಿ ಬರೆದ. ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯುತ್ತದಂತೆ. ಹೆಸರು ನೆನಪಾಗದ ಫೋಟೋಗಳನ್ನು ಚಿಕ್ಕಪ್ಪನಿಗೆ ಕಳಿಸಿದ, ಅಲ್ಲೂ ಗೊತ್ತಾಗದಿದ್ದವು ಒಂದು ಲಕೋಟೆಯಲ್ಲಿವೆ. ಸೋದರತ್ತೆ ಕಡೆಯವರು ಯಾರಾದರೂ ಬಂದು ನೋಡಿದರೆ ಉಪಕಾರವಾಗುತ್ತದೆ.

ತಾತನ ಕಾಲದ ತಾಳೆಗರಿ ಕಟ್ಟೊಂದು ಸಿಕ್ಕಿತು. 1891ರಲ್ಲಿ ಶುರುವಾದ ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೇ ಅದನ್ನು ಕೊಡಬೇಕು ಅಂತ ಅಪ್ಪ ಹಟ ಹಿಡಿದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಅಲ್ಲಿನ ಗ್ರಂಥಪಾಲಕ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ ಅಲ್ಲವೇ. ನಮ್ಮದು ಬಹುಶಃ ಯಾವುದೋ ಜಾತಕದ ಕಟ್ಟು, ಅಪ್ಪನ ಉತ್ಸಾಹಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ದಸರಾ ಬೊಂಬೆಗಳ ಮುಂದೆ ಮಾತ್ರ ಎಲ್ಲರೂ ಸೋತೆವು. ಒಂಬತ್ತು ಮೆಟ್ಟಿಲ ಬೊಂಬೆ, ಹೊಸ ಹಾಲಿಗೆ ಮೂರು ಮೆಟ್ಟಿಲೂ ಕಷ್ಟ. ಪಟ್ಟದ ಬೊಂಬೆ ಅಮ್ಮನ ಮದುವೆಯಲ್ಲಿ ತವರಿನಿಂದ ಬಂದದ್ದು, ಅದು ಹೋಗುವ ಪ್ರಶ್ನೆಯೇ ಇಲ್ಲ. ಉಳಿದವನ್ನು ಬೀದಿಯ ಹೆಣ್ಣುಮಕ್ಕಳಿಗೆ ಕರೆದು ಹಂಚಿದಳು, ಅರಿಸಿನ ಕುಂಕುಮ ಕೊಟ್ಟು, ಪ್ರತಿ ಬೊಂಬೆಯ ಊರು ಹೇಳಿ: ಇದು ಚನ್ನಪಟ್ಟಣದ್ದು, ಇದು ಕಿನ್ನಾಳದ್ದು. ಎದುರುಮನೆ ಆಂಟಿ, ಶೆಟ್ಟರ ಅಂಗಡಿಯ ಸಣ್ಣ ಸೊಸೆ ನವರಾತ್ರಿಗೆ ಅವನ್ನು ಕೂರಿಸಿ ಅಮ್ಮನನ್ನು ಆಟೋ ಕಳಿಸಿ ಕರೆಸಿಕೊಂಡಿರಿ. ಅಮ್ಮ ಬಂದ ಮೇಲೆ ‘ದಶಾವತಾರದ ಸೆಟ್ಟು ತಪ್ಪು ಸಾಲಲ್ಲಿ ಕೂರಿಸಿದಾರೆ’ ಅಂತ ಎರಡು ದಿನ ಹೇಳಿದಳು. ಇದಕ್ಕಿಂತ ದೊಡ್ಡ ಉಪಕಾರ ನೀವು ಮಾಡುವುದು ಸಾಧ್ಯವಿರಲಿಲ್ಲ.

ಸಾಗಣೆಗೆ ಮೊದಲು ಗೊತ್ತು ಮಾಡಿದ್ದವರು ಹಿಂದಿನ ರಾತ್ರಿ ರೇಟು ಏರಿಸಿದರು, ಅವರ ಸಹವಾಸ ಬೇಡ ಅಂತ ಬಿಟ್ಟೆವು. ಆಮೇಲೆ ಬಂದ ಟೆಂಪೋ ಹುಡುಗರು ಬಂಗಾರ. ಅಪ್ಪನ ಮಂಚವನ್ನು ಮೊದಲು ಇಳಿಸಿ, ಜೋಡಿಸಿ, ಹಾಸಿಗೆ ಹಾಸಿ, ಆಮೇಲೆ ಉಳಿದ ಸಾಮಾನು ಇಳಿಸಿದರು. ಮಂಚ ಗೋಡೆಯ ಯಾವ ಬದಿಗೆ ಇರಬೇಕು ಅಂತ ಫಿಸಿಯೊಥೆರಪಿಸ್ಟ್ ಹುಡುಗಿ ಮೊದಲೇ ಬಂದು ಹೇಳಿದ್ದಳು. ಹಳೇ ಮನೆಯಲ್ಲಿ ಎಡಕ್ಕೆ ಇಳಿಯುತ್ತಿದ್ದವರು ಇಲ್ಲೂ ಎಡಕ್ಕೇ ಇಳಿಯಬೇಕು, ಅರ್ಧ ನಿದ್ದೆಯಲ್ಲಿ ಕಾಲು ಹಳೇ ದಾರಿಯನ್ನೇ ಹಿಡಿಯುತ್ತದೆ ಅಂದಳು. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ದಾರಿಗೆ ರಾತ್ರಿ ದೀಪ, ಕಾಲೊರೆಸಿನ ಚಾಪೆಗೆ ಅಡಿಯಲ್ಲಿ ರಬ್ಬರ್. ಮಾತ್ರೆ ಡಬ್ಬಿ, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ ಟೆಂಪೋದಲ್ಲಿ ಹೋಗಕೂಡದು, ಕೈಯಲ್ಲೇ ಇರಬೇಕು ಅಂದವಳೂ ಅವಳೇ. ಪುರೋಹಿತರು ‘ಆಷಾಢ ಕಳೀಲಿ, ಶ್ರಾವಣದಲ್ಲಿ ಹಾಲು ಉಕ್ಕಿಸಿ, ಸಣ್ಣ ಗಣಪತಿ ಹೋಮ ಸಾಕು, ಫ್ಲ್ಯಾಟಲ್ಲಿ ಹೊಗೆಯ ಅಲಾರಂ ಹೊಡ್ಕೊಳ್ಳತ್ತೆ’ ಅಂತ ತಾವೇ ಚಿಕ್ಕದು ಮಾಡಿಕೊಟ್ಟರು.

ಗ್ಯಾಸ್ ಏಜೆನ್ಸಿಯವರು ಅದೇ ಊರಾದ್ದರಿಂದ ಸಿಲಿಂಡರ್ ವಾಪಸ್ ಕೇಳದೆ ವರ್ಗಾವಣೆ ಚೀಟಿಯಲ್ಲೇ ಮುಗಿಸಿದರು. ಹಳೇ ಬೀದಿಯ ಪೋಸ್ಟ್‌ಮ್ಯಾನ್ ವಿಳಾಸ ತಿರುಗಿಸುವ ಅರ್ಜಿಯನ್ನು ತಾವೇ ತಂದು ಬರೆಸಿಕೊಂಡರು. ಪಿಂಚಣಿಯ ಜೀವನ ಪ್ರಮಾಣ ಪತ್ರವನ್ನು ಅಕ್ಕನ ಮಗ ಫೋನಿನಲ್ಲೇ ಅಪ್ಪನ ಮುಖ ತೋರಿಸಿ ಮಾಡಿದ. ‘ನಾನು ಬದುಕಿದೀನಿ ಅಂತ ಈ ಡಬ್ಬಿಗೆ ಗೊತ್ತಾಯ್ತಾ’ ಅಂತ ಅಪ್ಪ ಮೂರು ಸಲ ಕೇಳಿದರು.

ಆದರೆ ಅವರ ನಿಜವಾದ ಚಿಂತೆ ವೋಟಿನದು. ಅಪ್ಪ ಮೈಸೂರು ಪೇಂಟ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗುವುದು. ಹೊಸ ವಾರ್ಡಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ, ಅಂಗನವಾಡಿ ಟೀಚರಮ್ಮ, ಮನೆಗೇ ಬಂದು ವಿಳಾಸ ಬದಲಾವಣೆಯ ಫಾರಂ 8 ತುಂಬಿಸಿಕೊಂಡರು. 85 ಆದ ಮೇಲೆ ಮನೆಯಲ್ಲೇ ಕೂತು ಮತ ಹಾಕಬಹುದು ತಾತ, ಅಂದರು. ಅಪ್ಪ, ‘ಅದಕ್ಕಿನ್ನೂ ಮೂರು ವರ್ಷ ಇದೆ, ಅಲ್ಲೀವರೆಗೆ ನಾನೇ ಬರ್ತೀನಿ. ಬೂತಿಗೆ ಮೆಟ್ಟಿಲೆಷ್ಟು?’ ಅಂದರು. ಟೀಚರಮ್ಮ ಹೋಗಿ ಎಣಿಸಿ ಬಂದು ಫೋನ್ ಮಾಡಿದರು.

ಎಲ್ಲ ಸುಸೂತ್ರ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನಗಳಲ್ಲಿ ಅಪ್ಪ ರಾತ್ರಿ ಎದ್ದು ಹಿತ್ತಲ ಬಾಗಿಲು ಹುಡುಕುತ್ತಿದ್ದರು. ಅಮ್ಮ ತುಳಸಿಕಟ್ಟೆ ಇಲ್ಲದ ಮನೆಗೆ ಇನ್ನೂ ಒಗ್ಗಿಕೊಂಡಿಲ್ಲ, ಬಾಲ್ಕನಿಯ ಕುಂಡದಲ್ಲಿರುವ ತುಳಸಿಯನ್ನು ‘ಅದು’ ಅಂತಲೇ ಕರೆಯುತ್ತಾಳೆ. ಪಕ್ಕದ ಫ್ಲ್ಯಾಟಿನ ದಂಪತಿ ಸಂಜೆ ಅಪ್ಪನನ್ನು ಕೆಳಗಿನ ಬೆಂಚಿನ ತನಕ ಕರೆದುಕೊಂಡು ಹೋಗುತ್ತಾರೆ. ಅವರು ಕೇರಳದವರು, ಅಪ್ಪನಿಗೆ ಮಲಯಾಳಂ ಬಾರದು, ಇಬ್ಬರೂ ಕ್ರಿಕೆಟ್ ಮಾತಾಡುತ್ತಾರೆ ಅಂತ ಅಂದಾಜು.

ಮನೆ ನೋಡಬೇಕೆಂದವರು ಸಂಜೆ ನಾಲ್ಕರ ಮೇಲೆ ಬನ್ನಿ, ಅದಕ್ಕೆ ಮುಂಚೆ ಇಬ್ಬರೂ ಮಲಗಿರುತ್ತಾರೆ. ವಿಳಾಸ ನನ್ನನ್ನೋ ಅಕ್ಕನನ್ನೋ ಕೇಳಿ. ದಯವಿಟ್ಟು ಪಾತ್ರೆ, ಶೋಕೇಸ್ ಬೊಂಬೆ, ಗೋಡೆ ಗಡಿಯಾರ ಉಡುಗೊರೆ ತರಬೇಡಿ, ಇಡುವುದಕ್ಕೆ ಜಾಗವಿಲ್ಲ. ದೇವರಾಜ ಮಾರುಕಟ್ಟೆಯ ಕಡೆಯಿಂದ ಬರುವವರು ಒಂದು ಮೊಳ ಮೈಸೂರು ಮಲ್ಲಿಗೆ ತಂದರೆ ಅಮ್ಮ ಬೇಡ ಅನ್ನುವುದಿಲ್ಲ.