ಹಾಂಗ್‌ಕಾಂಗ್‌ಗೆ ಹೊರಡುವವರು ಮೊದಲು ಪಾಸ್‌ಪೋರ್ಟಿನ ಹೆಸರು ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ಹಾಂಗ್‌ಕಾಂಗ್ ಪ್ಯಾಕೇಜ್‌ಗಳ ಜಾಹೀರಾತು ಶುರುವಾಗುತ್ತದೆ. ಅವುಗಳ ದರ ನೋಡಿ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಆಸೆ ಕೈಬಿಡುತ್ತವೆ. ವಿಮಾನದ ಟಿಕೆಟ್ಟು ಮತ್ತು ರೂಮಿನ ಬಾಡಿಗೆ ಬಿಟ್ಟರೆ ಆ ಊರಿನ ದಿನದ ಖರ್ಚು ಕೈಗೆಟುಕದ್ದೇನಲ್ಲ. ಸ್ವಂತವಾಗಿ ಹೋಗುವವರು ಕೆಲವು ವಿಷಯ ಮೊದಲೇ ತಿಳಿದಿರಬೇಕು, ಅಷ್ಟೆ.

ಭಾರತೀಯರಿಗೆ ಅಲ್ಲಿ 14 ದಿನಗಳವರೆಗೆ ವೀಸಾ ಬೇಡ. ಆದರೆ ಹೊರಡುವ ಮುನ್ನ ಆನ್‌ಲೈನ್ ನೋಂದಣಿ ಕಡ್ಡಾಯ. 2017ರಿಂದ ಈ ನಿಯಮವಿದೆ. ಇದು ಉಚಿತ. ಇದಕ್ಕೆ ಏಜೆಂಟರಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ, ಹಾಂಗ್‌ಕಾಂಗ್ ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲಿ ನಾವೇ ತುಂಬಬಹುದು. ನಮ್ಮವರು ಎಡವುವುದು ಹೆಸರಿನಲ್ಲಿ. ಕರ್ನಾಟಕದ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಮಾತ್ರ ಇರುತ್ತದೆ. ಅರ್ಜಿಯಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆದರೆ ಪಾಸ್‌ಪೋರ್ಟಿಗೆ ತಾಳೆಯಾಗದೆ ನೋಂದಣಿ ಕೆಲಸಕ್ಕೆ ಬಾರದು. ಪಾಸ್‌ಪೋರ್ಟಿನಲ್ಲಿದ್ದಂತೆಯೇ, ಅಕ್ಷರಕ್ಕೆ ಅಕ್ಷರ ತುಂಬಿ. ಮಕ್ಕಳಿಗೂ ಪ್ರತ್ಯೇಕ ನೋಂದಣಿ ಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ನೋಂದಣಿಯಾದಾಗ ಸಿಗುವ ಚೀಟಿಯನ್ನು ಬಿಳಿಯ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಚೆಕ್‌ಇನ್ ಕೌಂಟರ್‌ನಲ್ಲೇ ಕೇಳುತ್ತಾರೆ. ಅದು ಆರು ತಿಂಗಳು ನಡೆಯುತ್ತದೆ. ಅರ್ಜಿ ತಿರಸ್ಕೃತವಾದರೆ ವೀಸಾಕ್ಕೇ ಅರ್ಜಿ ಹಾಕಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ನೋಂದಣಿ ಮೊದಲು, ಟಿಕೆಟ್ ಆಮೇಲೆ.

ನಮ್ಮ ದಸರಾ ರಜೆ ಅಲ್ಲಿ ದುಬಾರಿ ಕಾಲ. ಅಕ್ಟೋಬರ್ 1ರಿಂದ ಚೀನಾದ ಒಳನಾಡಿನ ಜನ ವಾರದ ರಜೆಗೆ ನುಗ್ಗುತ್ತಾರೆ, ಅದೇ ತಿಂಗಳು ವ್ಯಾಪಾರ ಮೇಳಗಳೂ ಇರುತ್ತವೆ, ರೂಮಿನ ದರ ಏರುತ್ತದೆ. ಮೇ ಮೊದಲ ವಾರವೂ ಹಾಗೆಯೇ. ಜುಲೈನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. 8ನೇ ನಂಬರ್ ಎಚ್ಚರಿಕೆಯ ಸಿಗ್ನಲ್ ಹಾಕಿದರೆ ಫೆರ್ರಿ, ಬಸ್ಸು ನಿಲ್ಲುತ್ತವೆ, ಅಂಗಡಿ ಮುಚ್ಚುತ್ತವೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಹೋದರೆ ಉತ್ತಮ. ಶಾಲೆಯ ಮಕ್ಕಳಿದ್ದರೆ ಮೇ ಎರಡನೇ ವಾರದ ನಂತರ ಹೋಗಬಹುದು, ಮಳೆ ಸಹಿಸಿಕೊಳ್ಳಬೇಕಷ್ಟೆ.

ರೂಮಿನ ವಿಷಯದಲ್ಲಿ ಫೋಟೊ ನಂಬಬೇಡಿ, ಎಷ್ಟು ಚದರ ಅಡಿ, ಕಿಟಕಿ ಇದೆಯೇ ಎಂದು ಕೇಳಿ. ಅಗ್ಗದ ಡಬಲ್ ರೂಮು ನೂರು ಚದರ ಅಡಿಗೂ ಕಡಿಮೆ ಇರಬಹುದು. ಎರಡು ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲೂ ಜಾಗ ಸಾಲದು. ಭಾರತೀಯರೆಲ್ಲ ಹುಡುಕಿಕೊಂಡು ಹೋಗುವ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಅಗ್ಗದ ಲಾಡ್ಜ್‌ಗಳಿರುವ 17 ಮಹಡಿಯ ಹಳೆಯ ಕಟ್ಟಡ, ಲಿಫ್ಟ್‌ಗಳು ಪುಟ್ಟವು, ಸಂಜೆ ಉದ್ದದ ಕ್ಯೂ. ಒಬ್ಬಂಟಿಗೆ ಸರಿ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಮಾಂಗ್‌ಕಾಕ್, ಯಾವ್ ಮಾ ಟೇ ಕಡೆಯ ಮೆಟ್ರೊ ಪಕ್ಕದ ಹೋಟೆಲ್ ವಾಸಿ. ಬುಕಿಂಗ್‌ನಲ್ಲಿ ಕಾಣುವ ದರದ ಮೇಲೆ ಸರ್ವಿಸ್ ಚಾರ್ಜ್ ಮತ್ತು 2025ರಿಂದ ಮತ್ತೆ ಬಂದಿರುವ ಶೇ 3ರ ತೆರಿಗೆ ಸೇರುತ್ತದೆಯೇ ನೋಡಿಕೊಳ್ಳಿ.

ಊರಿನೊಳಗಿನ ಓಡಾಟವೇ ಹಾಂಗ್‌ಕಾಂಗ್‌ನ ನಿಜವಾದ ಸೊಗಸು, ಅದು ಅಗ್ಗವೂ ಹೌದು. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲಿಗೆ ನೂರು ಹಾಂಗ್‌ಕಾಂಗ್ ಡಾಲರ್‌ಗೂ ಮೇಲೆ. ಎ21 ಬಸ್ಸಿಗೆ ಅದರ ಮೂರನೇ ಒಂದು ಪಾಲು, ಮೇಲೆ ಹೇಳಿದ ಹೋಟೆಲ್‌ಗಳ ಕಡೆಯ ನೇಥನ್ ರಸ್ತೆಯುದ್ದಕ್ಕೂ ಇಳಿಸುತ್ತದೆ. (ಅಲ್ಲಿನ ಒಂದು ಡಾಲರ್ ಎಂದರೆ ನಮ್ಮ ಸುಮಾರು 11–12 ರೂಪಾಯಿ.) ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ನೂರರ ನೋಟು ಹಾಕಿದರೆ ಹೋಯಿತು. ಆದ್ದರಿಂದ ಇಳಿದ ತಕ್ಷಣ ಬಸ್ಸು, ಮೆಟ್ರೊ, ಟ್ರಾಮ್‌ಗೆಲ್ಲ ನಡೆಯುವ ಆಕ್ಟೋಪಸ್ ಎಂಬ ಪ್ರೀಪೇಯ್ಡ್ ಕಾರ್ಡ್ ಕೊಳ್ಳಿ: 150 ಡಾಲರ್, ಅದರಲ್ಲಿ 50 ಠೇವಣಿ. ಹೊರಡುವಾಗ ಕಾರ್ಡ್ ಹಿಂತಿರುಗಿಸಿದರೆ ಸಣ್ಣ ಶುಲ್ಕ ಹಿಡಿದು ಉಳಿದದ್ದು ಕೊಡುತ್ತಾರೆ. ಪ್ರವಾಸಿಗರ ಕಾರ್ಡ್ ಎಂದು ಮಾರುವುದಕ್ಕೆ ಕೊಟ್ಟ ಬೆಲೆ ವಾಪಸ್ ಬರುವುದಿಲ್ಲ.

1904ರಿಂದ ಓಡುತ್ತಿರುವ ಟ್ರಾಮ್‌ನಲ್ಲಿ ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ, ಮೂರು ಡಾಲರ್ ಚಿಲ್ಲರೆ. ಹಿಂದಿನ ಬಾಗಿಲಲ್ಲಿ ಹತ್ತಬೇಕು, ಮುಂದೆ ಇಳಿಯುವಾಗ ಕಾರ್ಡ್ ತೋರಿಸಬೇಕು. ಮಹಡಿಯ ಮುಂದಿನ ಸೀಟು ಹಿಡಿದು ಕೆನಡಿ ಟೌನ್‌ನಿಂದ ಶಾವ್ ಕೇ ವಾನ್‌ವರೆಗೆ ಕುಳಿತರೆ ಹಾಂಗ್‌ಕಾಂಗ್ ದ್ವೀಪದ ಇಡೀ ಉತ್ತರ ದಂಡೆ ಕಣ್ಣೆದುರು ಸಾಗುತ್ತದೆ. ಬಂದರು ದಾಟಲು ಸ್ಟಾರ್ ಫೆರ್ರಿ, ಐದಾರು ಡಾಲರ್. ಅದನ್ನು ಕಟ್ಟಿದ್ದು ನಮ್ಮ ದೇಶದಿಂದ ಹೋದ ಪಾರ್ಸಿ ದೊರಾಬ್ಜಿ ನೌರೋಜಿ. ಪ್ಯಾಕೇಜಿನವರ ದುಬಾರಿ ಹಾರ್ಬರ್ ಕ್ರೂಸ್ ತೋರಿಸುವುದೂ ಇದೇ ನೀರು, ಇದೇ ಕಟ್ಟಡಗಳು. ರಾತ್ರಿ 8ರ ದೀಪಗಳ ಪ್ರದರ್ಶನ ದಡದಲ್ಲಿ ನಿಂತು ನೋಡಲು ಉಚಿತ. ಪೀಕ್ ಬೆಟ್ಟಕ್ಕೆ ಸೆಂಟ್ರಲ್‌ನಿಂದ 15ನೇ ನಂಬರ್ ಬಸ್ಸಿದೆ. ದೊಡ್ಡ ಬುದ್ಧನ ಪ್ರತಿಮೆಯ ಬಳಿಗೆ ತುಂಗ್ ಚುಂಗ್‌ನಿಂದ 23ನೇ ನಂಬರ್. 268 ಮೆಟ್ಟಿಲು ಹತ್ತಲು ಟಿಕೆಟ್ಟಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೊಪ್ಪಿನ ಪಲ್ಯ ಎಂದು ತಂದಿಟ್ಟರೂ ಮೇಲೆ ಆಯ್ಸ್ಟರ್ (ಸಿಂಪಿ) ಸಾಸ್ ಸುರಿದಿರುತ್ತಾರೆ, ನೂಡಲ್ಸ್ ಸೂಪಿನ ಸಾರು ಮೂಳೆಯದ್ದೋ ಒಣ ಸಿಗಡಿಯದ್ದೋ ಆಗಿರುತ್ತದೆ. ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳನ್ನು ಹುಡುಕಿ, ಬುದ್ಧನ ಪಕ್ಕದ ಪೋ ಲಿನ್ ಮಠದಲ್ಲೂ ಊಟ ಸಿಗುತ್ತದೆ.

ಮಕಾವ್‌ಗೂ ಭಾರತೀಯರಿಗೆ ವೀಸಾ ಬೇಡ, ಸೇತುವೆಯ ಬಸ್ಸು ಫೆರ್ರಿಗಿಂತ ಬಹಳ ಅಗ್ಗ. ಪಕ್ಕದಲ್ಲೇ ಇರುವ ಶೆನ್‌ಝೆನ್‌ಗೆ ಮಾತ್ರ ಚೀನಾ ವೀಸಾ ಬೇಕು. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಪ್ಯಾಕೇಜ್ ದರಗಳ ಜತೆಗೆ ಈ ನೋಂದಣಿಯ ವಿವರವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗರೊಬ್ಬರು, ಮೈಸೂರು